ಬಾನಿಗೇರದ ಮಾತು

“ದೇಶ ಕಾಯೋದು ಅಂದ್ರೇನು ಅಂತ ನಿಮ್ಮ ಅಭ್ಯರ್ಥಿಗೆ ಏನು ಗೊತ್ತು ಹಾರ್ಲನ್ ಸಾಹೇಬ್ರೆ? ಮೈಕಿನ ಮುಂದೆ ಕೂತು ಗುಡುಗೋದು ನೀವುಗಳು. ಸಮುದ್ರದ ಮೇಲೆ ಹೋಗಿ ನಿಲ್ಲೋದು ನನ್ನಂಥೋರ ಮಕ್ಕಳು!”

ದೂರವಾಣಿಯಲ್ಲಿ ಹೀಗೆ ಹರಿಹಾಯ್ದವಳು ಓಪಲ್ ಸ್ಟಿನೆಟ್ ಎಂಬ ಹೆಂಗಸು. ಅಮೆರಿಕದ ಟೆನೆಸಿಯ ಬೆಟ್ಟದ ಸೀಮೆಯ ಪುಟ್ಟ ರೇಡಿಯೊ ಕೇಂದ್ರದಲ್ಲಿ ಮೈಕಿನ ಮುಂದಿದ್ದ ಹಾರ್ಲನ್ ಟೀಗ್ ಮುಗುಳ್ನಕ್ಕ. ಅಧ್ಯಕ್ಷರ ಚುನಾವಣೆ ಹೊಸ್ತಿಲಿಗೆ ಬಂದು ನಿಂತಿತ್ತು. ಆ ಬೆಳಗ್ಗೆಯೆಲ್ಲ ಅವನು ಪ್ರತಿಪಾದಿಸಿದ್ದು ಒಂದೇ ತತ್ತ್ವವನ್ನು: ರಾಷ್ಟ್ರರಕ್ಷಣೆಯ ಮೊದಲ ಕೋಟೆ ನಾಲಗೆ, ಗುಟ್ಟು ಕಾಯಲಾರದವರ ಕೈಗೆ ರಾಷ್ಟ್ರವನ್ನು ಒಪ್ಪಿಸಲಾಗದು. ಎದುರು ಪಕ್ಷದವರು ಅವನನ್ನು ಹಳೆಯ ಕಾಲದ ಮನುಷ್ಯನೆಂದು ಹಳಿಯುತ್ತಿದ್ದರು. ಆದರೆ ಎಂಥ ವಿರೋಧಿಯ ಮಾತನ್ನೂ ಅವನು ನಡುವೆ ತಡೆಯುವವನಲ್ಲವೆಂಬುದನ್ನು ಅವರೂ ಒಪ್ಪುತ್ತಿದ್ದರು. ಬಾಳಿನಲ್ಲಿ ತಾನು ಗಳಿಸಿದ ಆಸ್ತಿ ಆ ಒಂದು ಹೆಸರೇ ಎಂದು ಹಾರ್ಲನ್ ನಂಬಿದ್ದ.

“ಹೇಳಿ ಅಮ್ಮಾ, ಹೊಟ್ಟೇಲಿರೋದನ್ನೆಲ್ಲ ಹೇಳಿಬಿಡಿ.”

“ಹೇಳದೆ ಬಿಡ್ತೀನಾ? ನನ್ನ ಮಗ ಟ್ರಾವಿಸ್ ನೌಕಾಪಡೇಲಿದಾನೆ. ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಬರೋಕಾಗಲ್ಲ ಅಂತ ನಿನ್ನೆ ಫೋನ್ ಮಾಡಿದ್ದ. ನಾನು ಆಗಲೇ ಟರ್ಕಿ ಕೋಳಿ ತಂದು ಫ್ರೀಜರಲ್ಲಿಟ್ಟಿದೀನಿ! ‘ಯಾಕೋ ಮಗನೇ ಬರಲ್ಲ?’ ಅಂತ ಕೇಳಿದ್ರೆ, ಅವನ ಹಡಗು...”

ಯಾವ ಬಂದರಿನಿಂದ, ಯಾವ ದಿನ, ಯಾವ ಜಲಸಂಧಿಯ ಕಡೆಗೆ ಎಂಬುದನ್ನೆಲ್ಲ ಆ ತಾಯಿ ಒಂದೇ ಉಸಿರಿನಲ್ಲಿ ಆಡಿಬಿಟ್ಟಳು.

ಕರೆ ಮಾಡಿದವರ ಮಾತು ಕೆಲವು ಕ್ಷಣ ತಡವಾಗಿ ಬಾನಿಗೇರಿ ರೇಡಿಯೊಗಳಲ್ಲಿ ಕೇಳಿಸುವುದು ಅಲ್ಲಿಯ ಪದ್ಧತಿ. ಯಾರಾದರೂ ಹೊಲಸು ಬೈದರೆ ಅಷ್ಟನ್ನು ಅಳಿಸಿಹಾಕಲು ಮೇಜಿನ ಮೇಲೊಂದು ಗುಂಡಿಯಿತ್ತು. ಹಾರ್ಲನ್ನನ ಬೆರಳು ಅದನ್ನು ಒತ್ತಿತು. ಅಡುಗೆಮನೆಗಳಲ್ಲಿ, ಪಿಕಪ್ ಗಾಡಿಗಳಲ್ಲಿ ಆಲಿಸುತ್ತಿದ್ದ ಸೀಮೆಯ ಜನಕ್ಕೆ ಕೇಳಿಸಿದ್ದು ಇಷ್ಟೇ: ನಾವಿಕನ ತಾಯಿಯೊಬ್ಬಳು ಹಾರ್ಲನ್ನನನ್ನೂ ಅವನ ಅಭ್ಯರ್ಥಿಯನ್ನೂ ತರಾಟೆಗೆ ತೆಗೆದುಕೊಂಡಳು, ಟರ್ಕಿ ಕೋಳಿಯ ಮಾತಿಗೆ ಬರುವಷ್ಟರಲ್ಲಿ ಆಕೆಯ ದನಿ ಕಡಿದು, ಟ್ರ್ಯಾಕ್ಟರಿನ ಜಾಹೀರಾತು ಮೊಳಗಿತು.

ಆಕೆ ಮಾತ್ರ ಇನ್ನೂ ಫೋನಿನಲ್ಲೇ ಇದ್ದಳು. “ಕೊನೆಗೂ ನನ್ನ ಬಾಯಿ ಮುಚ್ಚಿಸಿದ್ರಲ್ಲ! ಅಷ್ಟೇನಾ ನಿಮ್ಮ ದೊಡ್ಡಸ್ತಿಕೆ?”

“ಅಮ್ಮಾ,” ಎಂದ ಹಾರ್ಲನ್ ಮೆಲ್ಲನೆ, “ಹಡಗಿನ ವಿಷಯ ಯಾರ ಹತ್ರಾನೂ ಆಡಬೇಡ ಅಂತ ಮಗ ಹೇಳಿರಲಿಲ್ವಾ?”

ಆ ಕಡೆಯಿಂದ ಈಗ ಬಂದ ದನಿಯಲ್ಲಿ ಜಗಳಗಂಟಿಯ ಸುಳಿವೇ ಇರಲಿಲ್ಲ. “ಅಯ್ಯೋ ದೇವರೇ... ‘ಅಮ್ಮಾ, ನಿನಗೊಬ್ಬಳಿಗೇ ಹೇಳ್ತಿದೀನಿ’ ಅಂದಿದ್ದ. ಸಿಟ್ಟಲ್ಲಿ ಬಂದ್ಬಿಡ್ತು. ಎಷ್ಟು ಜನ ಕೇಳಿಸಿಕೊಂಡ್ರು ಸಾಹೇಬ್ರೆ? ನನ್ನ ಮಗನಿಗೆ ಏನಾಗುತ್ತೆ ಈಗ?”

“ಏನೂ ಆಗಲ್ಲ. ಅಷ್ಟು ಮಾತು ಹೊರಗೇ ಹೋಗಿಲ್ಲ. ಕೇಳಿದ್ದು ನಾನು, ಪಕ್ಕದ ಕೋಣೇಲಿ ಕೂತಿರೋ ಲವರ್ನ್, ಇಬ್ಬರೇ. ಇಬ್ಬರಿಗೂ ವಯಸ್ಸಾಯ್ತು, ಊಟದ ಹೊತ್ತಿಗೆ ಮರೆತುಹೋಗಿರುತ್ತೆ.”

“ವಯಸ್ಸಾಗಿರೋದು ನಿಮಗೆ,” ಎಂದು ಯಂತ್ರಗಳನ್ನು ನೋಡಿಕೊಳ್ಳುತ್ತಿದ್ದ ಲವರ್ನ್ ಗಾಜಿನಾಚೆಯಿಂದ, ಅವನ ಕಿವಿಗಷ್ಟೇ ಕೇಳುವಂತೆ ಗದರಿದಳು. ಆಕೆಯ ಕಣ್ಣು ತೇವವಾಗಿತ್ತು.

“ನನ್ನ ಮಾತು ಮತ್ತೆ ರೇಡಿಯೊದಲ್ಲಿ ಬರೋ ಹಾಗೆ ಮಾಡಿ. ತಪ್ಪು ನಂದೇ, ಹಾರ್ಲನ್ ಸಾಹೇಬ್ರದ್ದಲ್ಲ ಅಂತ ಹೇಳಿಬಿಡ್ತೀನಿ,” ಎಂದಳು ಓಪಲ್.

“ಏನು ತಪ್ಪು ಅಂತ ಕೇಳ್ತಾರಲ್ಲಮ್ಮಾ ಜನ. ನಿಮ್ಮ ಹೆಸರು, ಮಗನ ಹೆಸರು ಆಗಲೇ ಹೊರಗೆ ಹೋಗಿದೆ. ಏನೋ ಮುಚ್ಚಿಟ್ಟಿದಾರೆ ಅಂತ ಗೊತ್ತಾದ್ರೆ ಸಾಕು, ಕೆದಕೋರು ಹುಟ್ಟಿಕೊಳ್ತಾರೆ. ಬೇಡ.”

“ಹಂಗಾದ್ರೆ ನಿಮ್ಮ ಮರ್ಯಾದೆ?”

ಹಾರ್ಲನ್ ಬೇರೆ ಮಾತು ತೆಗೆದ. “ಭಾನುವಾರ ಚರ್ಚಲ್ಲಿ ನಿಮ್ಮ ಹುಡುಗನಿಗೋಸ್ಕರ ಪ್ರಾರ್ಥನೆ ಮಾಡ್ತೀನಿ. ಒಪ್ಪಿಗೆ ತಾನೆ?”

ಓಪಲ್ ಮೂಗು ಒರೆಸಿಕೊಂಡ ಸದ್ದಾಯಿತು. “ಪ್ರಾರ್ಥನೆ ಮಾಡಿ. ಆದ್ರೆ ವೋಟು ಮಾತ್ರ ನಿಮ್ಮೋನಿಗೆ ಹಾಕಲ್ಲ, ಈಗಲೇ ಹೇಳಿದೀನಿ.”

“ಹಾಕಬೇಡಿ ತಾಯಿ,” ಎಂದು ನಕ್ಕು ಹಾರ್ಲನ್ ಫೋನಿಟ್ಟ.

ಜಾಹೀರಾತು ಮುಗಿದು ಮೈಕಿನ ಕೆಂಪು ದೀಪ ಹೊತ್ತಿತು. ಮೊದಲ ಕರೆ ಅವನ ಚರ್ಚಿನ ಹಿರಿಯ, ಅವನದೇ ಪಕ್ಷದ ಕಟ್ಟಾಳು ಎಲ್ಡನ್‌ನದು. ನೌಕಾಪಡೆಯಲ್ಲಿ ದುಡಿದು ನಿವೃತ್ತನಾದವನು. ಚುನಾವಣೆ ಬಂದಾಗಲೆಲ್ಲ ಹಾರ್ಲನ್ನನ ಜೊತೆ ಮನೆಮನೆ ತಿರುಗಿದವನು.

“ಇಷ್ಟು ವರ್ಷ ಯಾರಿಗೂ ಹೆದರಲ್ಲ ಅಂತ ಎದೆ ಉಬ್ಬಿಸ್ತಿದ್ದೆಯಲ್ಲೋ ಹಾರ್ಲನ್! ಒಬ್ಬ ನಾವಿಕನ ತಾಯಿ ನಾಲ್ಕು ಮಾತು ಗಟ್ಟಿಯಾಗಿ ಕೇಳಿದ್ದಕ್ಕೆ ನಡುಗಿಹೋದ್ಯಾ? ನಮ್ಮ ಪಕ್ಷದ ಮಾನ ತೆಗೆದೆ. ಹೇಳು, ಹೆದರಿದೆ ತಾನೆ?”

ಹಾರ್ಲನ್ನನ ಗಂಟಲಿನವರೆಗೆ ಒಂದು ಉತ್ತರ ಬಂತು. ಈ ಮನುಷ್ಯನೊಬ್ಬನಿಗಾದರೂ ಅದು ಅರ್ಥವಾಗುತ್ತಿತ್ತು, ಎಲ್ಲರಿಗಿಂತ ಚೆನ್ನಾಗಿ ಅರ್ಥವಾಗುತ್ತಿತ್ತು. ಅವನು ಅದನ್ನು ನುಂಗಿಕೊಂಡ.

“ಹೌದು ಎಲ್ಡನ್,” ಎಂದ. “ತುಂಬ ಹೆದರಿದೆ.”

ಮೇಜಿನ ಮೇಲಿನ ಫೋನಿನ ದೀಪಗಳೆಲ್ಲ ಒಮ್ಮೆಗೇ ಮಿನುಗತೊಡಗಿದವು. ಇನ್ನೊಂದು ಜಾಹೀರಾತು ಹಾಕಲೇ ಎಂದು ಲವರ್ನ್ ಗಾಜಿನಾಚೆಯಿಂದ ಸನ್ನೆ ಮಾಡಿದಳು. ಬೇಡವೆಂದು ತಲೆಯಾಡಿಸಿ, ಹಾರ್ಲನ್ ಮೊದಲ ದೀಪದ ಗುಂಡಿಯನ್ನು ಒತ್ತಿದ.

“ಹೇಳಿ,” ಎಂದ, “ಕೇಳ್ತಿದೀನಿ.”