ಗೋಡೆ ಅದುರಬೇಕು

ಬೇಸ್ ಗಿಟಾರ್ ಕಲಿಸುವ ಮೇಷ್ಟ್ರಿಗಾಗಿ ಆಕೆ ಊರೆಲ್ಲ ಅಲೆದಳು. ಮೊದಲು ಸಿಕ್ಕವನು ಒಳ್ಳೆಯ ವಾದಕನೇ. ಆದರೆ ಮನೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು ಅಭ್ಯಾಸ ಮಾಡಿ ಎಂದ. ಆಕೆ ಮತ್ತೆ ಅತ್ತ ತಲೆ ಹಾಕಲಿಲ್ಲ. ಎರಡನೆಯವಳು, "ಸೌಂಡ್ ಕಮ್ಮಿ ಇಟ್ಕೊಂಡ್ರೇನೇ ಬೆರಳು ಪಳಗೋದು" ಎಂದಳು. ಅವಳೂ ಬೇಡವಾದಳು.

ಮೂರನೆಯವನಿಗೆ ಆರ್ಕೆಸ್ಟ್ರಾಗಳಲ್ಲಿ ನುಡಿಸಿ ನುಡಿಸಿ ಕಿವಿ ಮಂದವಾಗಿತ್ತು.

"ಬೇಸ್ ಅಂದ್ರೆ ಕಿವೀಲಿ ಕೇಳೋದಲ್ಲ ಮೇಡಂ, ಎದೇಲಿ ಕೇಳೋದು" ಎಂದು ಅವನು ಕೂಗಿಯೇ ಹೇಳಿದ. "ದೊಡ್ಡ ಸ್ಪೀಕರ್ ತಂದು ನೆಲದ ಮೇಲಿಡಿ. ಗೋಡೆ ಅದುರ್ಬೇಕು."

ಆಕೆಯ ಮುಖ ಅರಳಿತು. "ಪಕ್ಕದ ರೂಮಿಗೂ ಹೋಗತ್ತಾ ಸಾರ್?"

"ಬಾಗಿಲು ಹಾಕಿದ್ರೂ ಹೋಗತ್ತೆ. ಮಲಗಿರೋರು ಮಂಚದ ಸಮೇತ ಅದುರ್ತಾರೆ."

"ಹಾಗಾದ್ರೆ ನಾಳೆಯಿಂದಲೇ ಬಂದ್ಬಿಡಿ."

ಇಂಥ ಉತ್ಸಾಹದ ಶಿಷ್ಯೆ ಅವನಿಗೆ ಸಿಕ್ಕಿರಲಿಲ್ಲ. "ಯಾವ ಹಾಡಿಂದ ಶುರು ಮಾಡೋಣ?" ಎಂದ.

"ಯಾವ್ದಾದ್ರೂ ಸರಿ ಸಾರ್. ಪಕ್ಕದ ರೂಮಲ್ಲಿ ನಮ್ಮ ಯಜಮಾನ್ರು ಮಲಗಿರ್ತಾರೆ. ಒಂದು ಚಮಚ ಬಿದ್ದ ಸದ್ದಿಗೂ ಅವರ ಹಾರ್ಟು ನಿಂತುಹೋಗಬಹುದು ಅಂದಿದ್ದಾರೆ ಡಾಕ್ಟ್ರು."