ಟಿಟೀನ್ ಕೋಳಿಯ ಕಳ್ಳ

"ಆ ಬೂಟು ಕೆಂಪಲ್ಲ ಕಣೇ, ಕಂದು," ಎಂದಳು ಎವ್ಲಿನ್, ಮಗಳ ಚಿತ್ರಕ್ಕೆ ಮೂಗು ತಾಗುವಷ್ಟು ಬಗ್ಗಿ.

ಓಡಾಲಿ ಕುಂಚ ಕೆಳಗಿಟ್ಟಳು. "ಅಮ್ಮಾ, ನೆನಪು ನಂದು."

"ನೆನಪು ನಿಂದೇ. ಬೂಟು ಮಾತ್ರ ನೊಲಾನಂದು."

ಓಡಾಲಿಗೆ ಆ ಬೂಟಿನ ಸಾಕ್ಷಿಯೇ ಸಾಕಾಗಿತ್ತು. ನಲವತ್ತೈದು ವರ್ಷಗಳ ಹಿಂದಿನ ಮಾರ್ಡಿ ಗ್ರಾ ಹಬ್ಬದಂದು ಮುಖವಾಡದ ಸವಾರರು ಎಂದಿನಂತೆ ಮನೆಮನೆಗೆ ಬಂದು ಗಂಬೊ ಸಾರಿಗೆ ಕೋಳಿ ಬೇಡಿದ್ದರು. ಅಂಗಳದ ತುಂಬ ಕೋಳಿಗಳಿದ್ದರೂ ಒಬ್ಬ ಅವಳ ಮುದ್ದಿನ ಟಿಟೀನಳನ್ನೇ ಎತ್ತಿಕೊಂಡು ಹೋದ. ಮುಖ ಕಾಣಲಿಲ್ಲ. ಆರು ವರ್ಷದ ಹುಡುಗಿ ಬೂಟು ನೋಡಿಯೇ ಗುರುತು ಹಿಡಿದಳು: ನೊಲಾನ್ ಮಾವ! ಅಂದಿನಿಂದ ಅವನ ಮನೆಯ ಅನ್ನ ಮುಟ್ಟಿಲ್ಲ, ಮಾತೂ ಇಲ್ಲ.

ಈಗ ಆ ಕಳ್ಳತನ ಬಾಗಿಲಿನಷ್ಟು ಎತ್ತರದ ಚಿತ್ರವಾಗಿತ್ತು. ಸಂಜೆ ಊರಿನ ಸಭಾಭವನದಲ್ಲಿ ತೂಗುಹಾಕಬೇಕು. ಹೆಸರು ಬರೆಯುವುದೊಂದೇ ಬಾಕಿ: 'ಕಳ್ಳ ನೊಲಾನ್'.

"ಎಂಬತ್ತರ ಮುದುಕ. ಊರ ಮುಂದೆ ಅವನ ಮಾನ ತೆಗೀಬೇಡ ಕಣೇ," ಎಂದಳು ಎವ್ಲಿನ್. "ಆ ವಾರ ಅವನಿಗೆ ಎದ್ದು ಓಡಾಡೋಕೇ ಆಗ್ತಿರಲಿಲ್ಲ, ಸೊಂಟ ಹಿಡ್ಕೊಂಡಿತ್ತು."

"ಅದಕ್ಕೇ ಕಾಲೆಳ್ಕೊಂಡು ಓಡಿದ್ದು! ಅದನ್ನೂ ಬರೆದಿದ್ದೀನಿ ನೋಡು. ನೀನೆಲ್ಲಿದ್ದೆ ಆಗ?"

"ನಿಮ್ಮಪ್ಪನ್ನ ಕೇಳಿದ್ರೆ ಅಡುಗೆಮನೇಲಿ ಅಂತಿದ್ರು. ಆಗೆಲ್ಲ ಕುದುರೆ ಹತ್ತೋದು ಗಂಡಸರು. ನಮಗೆ ಗಂಬೊ ಕಲಕೋದಷ್ಟೇ." ಮುದುಕಿ ಚಿತ್ರದ ಮೇಲಂಚಿಗೆ ಬೆರಳು ಚಾಚಿದಳು. "ಇದೇನಿದು, ಕೋಳಿ ಸೂರಿನ ಮೇಲೆ ಹಾರ್ತಿದೆ?"

"ಜೀವಭಯಕ್ಕೆ ಹಾರಿತ್ತು ಪಾಪ."

"ಎಲ್ಲಿ ಹಾರಿತ್ತು! ಮೊಟ್ಟೆ ಇಡೋದು ಬಿಟ್ಟು ವರ್ಷ ಆಗಿತ್ತು, ತಿಂದೂ ತಿಂದೂ ಕೊಬ್ಬಿತ್ತು. ತಾನಾಗೇ ನಡ್ಕೊಂಡು ಬಂದು ಕೈಗೆ ಕೂತ್ಕೊಂಡ್ತು."

ಓಡಾಲಿಗೆ ನಗು ತಡೆಯಲಾಗಲಿಲ್ಲ. "ಟಿಟೀನಾ? ಅಪ್ಪನ ಹೆಬ್ಬೆರಳನ್ನೇ ಕುಕ್ಕಿ ಹರಿದ ಕೋಳಿ ಅದು. ನಿನ್ನೊಬ್ಬಳನ್ನ ಬಿಟ್ಟು ಇನ್ಯಾರ ಕೈಗೆ..."

ಓಡಾಲಿ ಚಿತ್ರದ ಮುಖವಾಡವನ್ನು ನೋಡಿದಳು. ಆಮೇಲೆ ತಾಯಿಯ ಪುಟ್ಟ ಪಾದಗಳನ್ನು ನೋಡಿದಳು.

ಎವ್ಲಿನ್ ಕಿಟಕಿಯ ಕಡೆ ತಿರುಗಿ ಹೇಳಿದಳು: "ಅವನ ಬೂಟು ನನಗೆ ಮೂರು ಅಳತೆ ದೊಡ್ಡದಿತ್ತು ಕಣೇ, ಕಾಲೆಳೀದೆ ಇನ್ನೇನು ಮಾಡ್ಲಿ?"