ತುಂಬಿದ ಹಲಗೆ

ಸಿನಿಮಾ ಟಾಕೀಸಿನ ಟಿಕೆಟ್ ಕಿಟಕಿಯ ಮುಂದೆ ನಿಂತವನು ಎರಡು ಸಲ ಹಿಂತಿರುಗಿ ನೋಡಿದ. ಗುರುತಿನವರು ಯಾರೂ ಇರಲಿಲ್ಲ.

"ಎಷ್ಟು?" ಎಂದಳು ಒಳಗಿದ್ದವಳು.

"ಒಂದೇ." ಅಷ್ಟು ಹೇಳುವುದರೊಳಗೆ ಅಂಗಿ ಬೆವರಿನಲ್ಲಿ ಒದ್ದೆಯಾಗಿತ್ತು.

ಕದ್ದದ್ದೇನೂ ಇಲ್ಲ. ಒಂದು ದಿನದ ರಜೆ, ಅದೂ ಅವನದೇ. ಕಲ್ಲಿದ್ದಲ ಗಣಿಯ ಸುರಂಗಗಳಲ್ಲಿ ಚಾವಣಿಗೆ ಆಸರೆ ಕೊಟ್ಟ ಮರದ ಕಂಬಗಳನ್ನು ಬಡಿದು ನೋಡುವುದು ಅವನ ಕೆಲಸ. ಎಲ್ಲರೂ ಅವನನ್ನು ಕಂಬದವನು ಎಂದೇ ಕರೆಯುತ್ತಿದ್ದರು. ಪಟ್ಟಣದ ದೊಡ್ಡ ಆಫೀಸಿನಲ್ಲಿ ರಜೆಗೆ ರುಜು ಹಾಕಿಸಿಕೊಂಡಿದ್ದ. ಹೆಂಡತಿಗೆ ಮಾತ್ರ ತಿಳಿಸಿರಲಿಲ್ಲ. ತಿಳಿಸಿದ್ದರೆ ರಜೆ ಅವಳದಾಗುತ್ತಿತ್ತು: ಬೆಳಗ್ಗೆ ಅಟ್ಟ ಗುಡಿಸುವುದು, ಮಧ್ಯಾಹ್ನ ಅವಳ ಚಿಕ್ಕಮ್ಮನ ಮನೆ. ಸಿನಿಮಾ ಎಂದರೆ ತಾನೂ ಹೊರಡುತ್ತಾಳೆ. ಹೊರಟು, ಆಟ ಶುರುವಾಗಿ ಹತ್ತು ನಿಮಿಷಕ್ಕೇ, "ನೋಡ್ತಾ ಇರಿ, ಇವನೇ ಕೊಲೆಗಾರ" ಎಂದು ಕಿವಿಯಲ್ಲಿ ಹೇಳಿಬಿಡುತ್ತಾಳೆ. ಸಂಕಟವೆಂದರೆ ಅದು ಪ್ರತಿಸಲವೂ ನಿಜವಾಗುತ್ತದೆ.

ಅವಳಿಗಿಂತ ದೊಡ್ಡ ಕಾಟ ಭಾವ. ಅವಳ ಅಣ್ಣ, ಹಗಲು ಪಾಳಿಯ ಮೇಸ್ತ್ರಿ. ಗಣಿಯ ಬಾಯಲ್ಲಿ ಒಂದು ಹಲಗೆ, ಹಲಗೆಯ ತುಂಬ ಮೊಳೆ, ಮೊಳೆಗೊಂದು ನಂಬರು ಕೊರೆದ ಹಿತ್ತಾಳೆ ಬಿಲ್ಲೆ. ಇಳಿಯುವವನು ತನ್ನ ಬಿಲ್ಲೆಯನ್ನು ಜೇಬಿಗೆ ಹಾಕಿಕೊಂಡು ಇಳಿಯಬೇಕು, ಮೇಲೆ ಬಂದಮೇಲೆ ತಾನೇ ತೂಗುಹಾಕಬೇಕು. ಅಲ್ಲಿ ಕಾಗದಕ್ಕೆ ಬೆಲೆಯಿಲ್ಲ. ಹಲಗೆ ಹೇಳಿದ್ದೇ ಸತ್ಯ. ಮೊಳೆಯಲ್ಲೇ ಉಳಿದ ಬಿಲ್ಲೆ ಕಂಡರೆ ಭಾವ ಸಂಜೆಯೊಳಗೆ ತಂಗಿಯ ಕಿವಿ ಊದುತ್ತಾನೆ. ತಂಗಿಯ ಗಂಡನೆಂದರೆ ಅವನಿಗೆ ಮೊದಲಿನಿಂದಲೂ ಅಷ್ಟಕ್ಕಷ್ಟೆ. "ನಮ್ಮ ಹುಡುಗಿ ಹಣೇಲಿ ಬರೆದಿತ್ತು, ಏನ್ ಮಾಡೋದು" ಎಂದು ಎದುರಿಗೇ ಅಂದವನು.

ಅದಕ್ಕೇ ಕಂಬದವನು ಬೆಳಗ್ಗೆ ಎಂದಿನಂತೆ ಊಟದ ಡಬ್ಬಿ ಹಿಡಿದು ಗಣಿಗೆ ಹೋಗಿದ್ದ. ಗುಂಪಿನ ನಡುವೆ ತನ್ನ ನಲವತ್ತೊಂದನೇ ಬಿಲ್ಲೆ ತೆಗೆದುಕೊಂಡು, ದೀಪದ ಕೋಣೆಯ ಹಿಂದೆ ಬಟ್ಟೆ ಬದಲಿಸಿ, ಕೆಲಸದ ಬಟ್ಟೆ ಚೀಲಕ್ಕೆ ತುರುಕಿ, ಮೆಲ್ಲಗೆ ಜಾರಿ ಬಸ್ಸು ಹತ್ತಿದ್ದ. ಒಂಟಿಯಾಗಿ ಸುತ್ತುವ ಕೆಲಸ. ಈ ಸುರಂಗದಲ್ಲಿ ಕಾಣದಿದ್ದರೆ ಆ ಸುರಂಗದಲ್ಲಿದ್ದಾನೆ ಎಂದುಕೊಳ್ಳುತ್ತಾರೆ. ತನ್ನ ಬುದ್ಧಿವಂತಿಕೆಗೆ ತಾನೇ ಬೆನ್ನು ತಟ್ಟಿಕೊಂಡಿದ್ದ.

ಸಿನಿಮಾ ಅವನಿಗಾಗಿಯೇ ತೆಗೆದಂತಿತ್ತು. ಕೊಲೆಗಾರ ಯಾರೆಂದು ಕೊನೆಯ ಗಳಿಗೆಯವರೆಗೂ ತಿಳಿಯಲಿಲ್ಲ. ಪಕ್ಕದ ಕುರ್ಚಿಯ ಮೇಲೆ ಕಾಲು ಚಾಚಿದ, ನಕ್ಕ, ಒಂದು ಕಡೆ ಯಾರ ಹಂಗೂ ಇಲ್ಲದೆ ಅತ್ತ. ಮದುವೆಯಾದ ಹನ್ನೆರಡು ವರ್ಷದಲ್ಲಿ ಅಂಥ ಸುಖ ಕಂಡಿರಲಿಲ್ಲ.

ಹಿಂತಿರುಗುವ ಬಸ್ಸಿನಲ್ಲಿ ಕಂಡಕ್ಟರ್ ಯಾರಿಗೋ ಹೇಳುತ್ತಿದ್ದ: "ಗಣೀಲಿ ಬೆಂಕಿಯಂತೆ. ಪುಣ್ಯಕ್ಕೆ ಎಲ್ರೂ ಮೇಲೆ ಬಂದ್ರಂತೆ, ಒಬ್ಬನ್ನ ಬಿಟ್ಟು."

ಅಯ್ಯೋ ಪಾಪ ಎಂದುಕೊಂಡ. ಆ ಒಬ್ಬ ತಾನೇ ಎಂದು ಹೊಳೆಯಲು ಸ್ವಲ್ಪ ಹೊತ್ತು ಹಿಡಿಯಿತು. ಹೊಳೆದಾಗ ಜೇಬಿನಲ್ಲಿದ್ದ ಬಿಲ್ಲೆಯನ್ನು ಮುಟ್ಟಿ ನೋಡಿಕೊಂಡ. ಬಿಲ್ಲೆ ಹೊತ್ತು ಹೊರಗೆ ತಿರುಗಿದವನನ್ನು ಕೆಲಸದಲ್ಲಿ ಇಟ್ಟುಕೊಳ್ಳುವುದಿಲ್ಲ. ಮನೆಯಲ್ಲಿ ಅಣ್ಣ ತಂಗಿ ಸೇರಿ ಸಾಯುವವರೆಗೂ ಹಂಗಿಸುತ್ತಾರೆ.

ಒಂದು ನಿಲ್ದಾಣ ಮೊದಲೇ ಇಳಿದು ಗುಡ್ಡ ಬಳಸಿ ಓಡಿದ. ಗುಡ್ಡದ ಹಿಂದೆ ಗಣಿಗೆ ಇನ್ನೊಂದು ಹಳೆಯ ಬಾಯಿ, ಇಳಿಯಲು ಏಣಿ. ಹೊಗೆ ಬರುತ್ತಿತ್ತು, ನರಪಿಳ್ಳೆಯಿಲ್ಲ. ಕೆಲಸದ ಬಟ್ಟೆ ತೊಟ್ಟು, ಏಣಿಯ ಮಸಿ ಉಜ್ಜಿ ಮುಖಕ್ಕೆ ಬಳಿದುಕೊಂಡ. ಕಣ್ಣು ಉರಿಯಿತು. ಯಾರದೋ ಕೋಟು ಕಲ್ಲಿನ ಮೇಲೆ ಮಡಿಸಿಟ್ಟಿತ್ತು. ಅದರಲ್ಲೇ ಕಣ್ಣೊರೆಸಿಕೊಂಡು ಮುಂದಿನ ಬಾಯಿಯತ್ತ ಕೆಮ್ಮುತ್ತಾ ಓಡಿದ.

"ಬಂದ! ನಲವತ್ತೊಂದು ಬಂದ!" ಜನ ಕೂಗಿದರು.

ಮ್ಯಾನೇಜರು ಹಲಗೆಯ ಪಕ್ಕ ನಿಂತಿದ್ದ. ಬರಿದಾಗಿದ್ದದ್ದು ಒಂದೇ ಮೊಳೆ. ಮೊದಲನೇ ಮೊಳೆಯಲ್ಲಿ ಭಾವನ ಬಿಲ್ಲೆ ನೆಟ್ಟಗೆ ತೂಗುತ್ತಿತ್ತು. ಜೀವ ಉಳಿಸಿಕೊಂಡು ಮನೆ ಸೇರಿದ್ದಾನೆ ಮಹಾನುಭಾವ ಎಂದುಕೊಂಡ ಕಂಬದವನು.

"ಎಲ್ಲಿಂದ ಬಂದೆ?"

"ಹಿಂದಿನ ಬಾಯಿಂದ ಸಾಹೇಬ್ರೆ, ಹತ್ಕೊಂಡು ಬಂದೆ."

"ಒಳಗೆ ಇನ್ಯಾರಾದ್ರೂ ಇದ್ದಾರಾ? ಸರಿಯಾಗಿ ಹೇಳು. ಬೆಂಕಿ ಆರೋಕೆ ಎರಡೂ ಬಾಯಿ ಮುಚ್ಚಿಸ್ತಿದ್ದೀನಿ. ಮುಚ್ಚಿದ್ರೆ ತಿಂಗಳುಗಟ್ಟಲೆ ತೆಗೆಯೋ ಹಾಗಿಲ್ಲ. ಗಾಳಿ ಸಿಕ್ರೆ ಬೆಂಕಿ ಮತ್ತೆ ಎದ್ದುಬಿಡುತ್ತೆ."

ಅನುಮಾನ ಬರಬಾರದು. ಕಂಬದವನು ಎದೆಯುಬ್ಬಿಸಿದ. "ಒಂದು ನೊಣಾನೂ ಇಲ್ಲ. ಮೂಲೆಮೂಲೆ ನೋಡ್ಕೊಂಡೇ ಬಂದೆ. ನಾನೇ ಕೊನೆಯವನು."

ಬಿಲ್ಲೆ ತೂಗುಹಾಕಿದ. ಹಲಗೆ ತುಂಬಿತು. ಮ್ಯಾನೇಜರು ಕೈಯೆತ್ತಿದ. ಎರಡೂ ಬಾಯಿಗೆ ಕಬ್ಬಿಣದ ಬಾಗಿಲು ಎಳೆದು, ಸಂದಿಗಳಿಗೆ ಹಸಿ ಮಣ್ಣು ಮೆತ್ತಿದರು. ಅಷ್ಟು ಹೊತ್ತೂ ಜನ ಕಂಬದವನನ್ನು ಹೆಗಲ ಮೇಲೆ ಹೊತ್ತು ಕುಣಿದರು. ಅವನ ಹೊಟ್ಟೆ ತಣ್ಣಗಾಯಿತು. ಕೆಲಸ ಉಳಿಯಿತು, ಮಾನ ಉಳಿಯಿತು, ಸಿನಿಮಾ ಲಾಭ.

ಎಲ್ಲ ಮುಗಿದಮೇಲೆ ಗೇಟು ತೆರೆದು, ಹೊರಗೆ ತಡೆದಿದ್ದ ಹೆಂಗಸರನ್ನು ಒಳಗೆ ಬಿಟ್ಟರು. ಹೆಂಡತಿ ಬಿದ್ದು ಎದ್ದು ಓಡಿಬಂದಳು. ಅವನ ಎದೆಗೆ ಗುದ್ದಿದಳು, ಗಟ್ಟಿಯಾಗಿ ತಬ್ಬಿಕೊಂಡು ಅತ್ತಳು. ಇವಳಿಗೆ ತನ್ನ ಮೇಲೆ ಇಷ್ಟೊಂದು ಪ್ರೀತಿಯಿತ್ತೇ ಎಂದು ಅವನಿಗೆ ನಾಚಿಕೆಯಾಯಿತು.

"ಅಳಬೇಡ ಕಣೆ. ಬಂದೆನಲ್ಲ."

ಅವಳು ಕಣ್ಣೊರೆಸಿಕೊಂಡು ಅವನ ಬೆನ್ನ ಹಿಂದೆ ಇಣುಕಿದಳು. "ಅಣ್ಣ ಎಲ್ಲಿ? ಹೇಳಿದ್ರೆ ತಡೀತಾರೆ, ಯಾರಿಗೂ ಹೇಳ್ಬೇಡ, ಕರ್ಕೊಂಡೇ ಬರ್ತೀನಿ ಅಂತ ಗೇಟಿನ ಹತ್ರ ನಂಗೆ ಹೇಳಿ, ನಿಮಗೋಸ್ಕರ ಹಿಂದಿನ ಬಾಯಿಂದ ಮತ್ತೆ ಇಳಿದನಲ್ಲ ರೀ, ಸಿಗಲಿಲ್ವಾ?"